ಮೂತಿ ಎತ್ತಿದ ಪಿಕಪ್: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕಳೆದ ಆಷಾಢದಲ್ಲಿ ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೆಎ-16 ನಂಬರಿನ ಹಳೆಯ ಪಿಕಪ್ಪನ್ನು ದಾವಣಗೆರೆಯ ನಮ್ಮ ಶೆಡ್ಡಿಗೆ ತಂದರು. ಹದಿನೇಳು ವರ್ಷದ ಗಾಡಿ, ಎಂಜಿನ್ನಿನ ಎಳೆತ ಹಿಂದಿನ ಚಕ್ರಗಳಿಗೆ ಮಾತ್ರ. ಇಳಿದವರೇ ಹೇಳಿದರು: "ಮುಂದೆ ಎರಡು ಇಂಚು ಎತ್ತಿಸಿದೆ ಅಣ್ಣಾ. ತೋಟದ ದಾರಿಯಲ್ಲಿ ಕೆಳಗೆ ಉಜ್ಜುವುದು ನಿಂತಿತು, ಬೇರೆಯದೆಲ್ಲ ಶುರುವಾಯಿತು."

ಬೇರೆಯದೆಲ್ಲ ಎಂದರೆ ಇಷ್ಟು. ಹಂಪ್ ಇಳಿಯುವಾಗ ಮುಂದೆ ಧಡ್ ಎನ್ನುತ್ತದೆ. ಹೆದ್ದಾರಿಯಲ್ಲಿ ಗಾಡಿ ನೇರ ನಿಲ್ಲುವುದಿಲ್ಲ, ಎಡಕ್ಕೆ ಎಳೆಯುತ್ತದೆ. ಎಡಗಡೆಯ ಮುಂದಿನ ಟೈರಿನ ಹೊರ ಅಂಚು ನಾಲ್ಕೇ ತಿಂಗಳಲ್ಲಿ ಬೋಳಾಗಿದೆ. ರಾತ್ರಿ ಎದುರು ಬರುವವರೆಲ್ಲ ಲೈಟ್ ಮಿನುಗಿಸಿ ಬೈಯುತ್ತಾರೆ. ಮುಂಭಾಗ ಎತ್ತಿಸಿಕೊಂಡು ಬರುವ ಹಳೆಯ ಪಿಕಪ್‌ಗಳಲ್ಲಿ ಈ ನಾಲ್ಕು ದೂರುಗಳು ಹೆಚ್ಚುಕಡಿಮೆ ಜೊತೆಯಾಗಿಯೇ ಬರುತ್ತವೆ. ಹಾಗಾಗಿ ಈ ಒಂದು ಗಾಡಿಯನ್ನೇ ಮುಂದಿಟ್ಟುಕೊಂಡು, ನಾವು ಯಾವ ಕ್ರಮದಲ್ಲಿ ಹುಡುಕಿದೆವು ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ಕೆಳಗೆ ಬಗ್ಗಿ ನೋಡಿ

ಎತ್ತುವ ಉಪಾಯವೂ ಎತ್ತಿದ ಮೇಲಿನ ರೋಗವೂ ಮುಂದಿನ ಸಸ್ಪೆನ್ಷನ್ ಯಾವ ಬಗೆಯದು ಎಂಬುದರ ಮೇಲೆ ನಿಂತಿವೆ. ಹಳೆಯ ಪಿಕಪ್‌ಗಳಲ್ಲಿ ಮೂರು ಬಗೆ ಕಾಣುತ್ತವೆ: ಇಡೀ ಆಕ್ಸಲ್‌ಗೆ ಕಮಾನು ಪಟ್ಟಿ ಇರುವುದು, ಎರಡು ಆರ್ಮ್‌ಗಳ (ಚಕ್ರವನ್ನು ಚಾಸಿಗೆ, ಅಂದರೆ ಗಾಡಿಯ ಕೆಳಚೌಕಟ್ಟಿಗೆ, ಜೋಡಿಸುವ ತೋಳುಗಳು) ನಡುವೆ ಕಾಯಿಲ್ ಸ್ಪ್ರಿಂಗ್ ಇರುವುದು, ಮತ್ತು ಟಾರ್ಷನ್ ಬಾರ್ ಇರುವುದು.

ಟಾರ್ಷನ್ ಬಾರ್ ಎಂದರೆ ಚಾಸಿಯ ಉದ್ದಕ್ಕೆ ಮಲಗಿರುವ ಉಕ್ಕಿನ ಸರಳು. ಒಂದು ತುದಿ ಆರ್ಮ್‌ಗೆ, ಇನ್ನೊಂದು ತುದಿ ಅಡ್ಡ ತೊಲೆಯಲ್ಲಿರುವ ಹಿಡಿಗೆ. ಆ ಹಿಡಿಯನ್ನು ಒಂದು ಉದ್ದ ಬೋಲ್ಟ್ ಒತ್ತಿ ಹಿಡಿದಿರುತ್ತದೆ. ಚಕ್ರ ಮೇಲೆದ್ದಾಗ ಸರಳು ತಿರುಚಿಕೊಳ್ಳುತ್ತದೆ, ಅದೇ ಸ್ಪ್ರಿಂಗ್. ಬೋಲ್ಟ್ ಬಿಗಿಸಿದರೆ ಮೂತಿ ಏಳುತ್ತದೆ. ಅರ್ಧ ಗಂಟೆಯ ಕೆಲಸ, ಸಾಮಾನಿನ ಖರ್ಚು ಸೊನ್ನೆ. ಹೊಳಲ್ಕೆರೆಯವರ ಗಾಡಿ ಈ ಜಾತಿಯದು. ಮುಂದಿನ ಚಕ್ರಗಳಿಗೆ ಎಳೆತದ ಶಾಫ್ಟ್ ಇಲ್ಲವಲ್ಲ, ಎಷ್ಟು ಬೇಕಾದರೂ ಎತ್ತಬಹುದು ಎಂದು ಯಾರೋ ಅವರಿಗೆ ಹೇಳಿದ್ದರಂತೆ. ಶಾಫ್ಟ್ ಇಲ್ಲ, ನಿಜ. ಆದರೆ ಆರ್ಮ್‌ನ ತುದಿಗೆ ಚಕ್ರವನ್ನು ಕೂಡಿಸುವ ಬಾಲ್ ಜಾಯಿಂಟ್ ಇದೆ, ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಇದೆ, ಬ್ರೇಕ್ ಎಣ್ಣೆ ಹರಿಯುವ ಹೋಸ್ ಇದೆ, ಶಾಕ್ ಅಬ್ಸಾರ್ಬರ್ ಇದೆ. ಇವುಗಳಲ್ಲಿ ಯಾವುದರ ಮಿತಿ ಮೊದಲು ಮುಗಿಯುತ್ತದೋ ಅಲ್ಲಿಗೆ ನಿಲ್ಲಬೇಕು.

ಅಳತೆ

ನನ್ನ ಅನುಭವದಲ್ಲಿ "ಎತ್ತಿಸಬೇಕು" ಎಂದು ಬರುವ ಗಾಡಿಗಳಲ್ಲಿ ಹೆಚ್ಚಿನವು ತಗ್ಗಿದ ಗಾಡಿಗಳು. ಕಳೆದುಹೋದ ಎತ್ತರ ಎಲ್ಲಿ ಹೋಯಿತು ಎಂದು ಹುಡುಕದೆ ಬೋಲ್ಟ್ ಬಿಗಿಸಿದರೆ, ಹಳೆಯ ರೋಗದ ಮೇಲೆ ಹೊಸದೊಂದನ್ನು ಕೂರಿಸಿದಂತಾಗುತ್ತದೆ.

ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ. ನಾಲ್ಕೂ ಟೈರಿನ ಗಾಳಿ ಸರಿಮಾಡಿ, ಬಾಡಿ ಖಾಲಿ ಇರಲಿ. ಜಾಕ್ ಹಾಕಿ ಇಳಿಸಿದ ತಕ್ಷಣ ಅಳೆಯಬೇಡಿ. ಇಳಿಯುವಾಗ ಟೈರುಗಳು ನೆಲ ಕಚ್ಚಿಕೊಂಡು ಒಳಕ್ಕೆ ಎಳೆದಿರುತ್ತವೆ, ಗಾಡಿ ಸುಳ್ಳು ಎತ್ತರ ತೋರಿಸುತ್ತದೆ. ಮೂರು ನಾಲ್ಕು ಮೀಟರ್ ಹಿಂದೆ ಮುಂದೆ ತಳ್ಳಿ, ಬಂಪರ್ ಹಿಡಿದು ನಾಲ್ಕು ಸಲ ಕುಲುಕಿ, ಆಮೇಲೆ ಟೇಪ್ ಹಿಡಿಯಿರಿ.

ಎಲ್ಲರೂ ಅಳೆಯುವುದು ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ. ನಾವೂ ಅಳೆದೆವು. ಎಡಕ್ಕೂ ಬಲಕ್ಕೂ ವ್ಯತ್ಯಾಸ 2 ಮಿಲಿಮೀಟರ್. ನೋಡಿದರೆ ಬಲು ಅಚ್ಚುಕಟ್ಟಾದ ಕೆಲಸ. ಆಮೇಲೆ ನಮ್ಮ ಹುಡುಗ ಗಾಡಿಯ ಕೆಳಗೆ ಮಲಗಿ ಇನ್ನೊಂದು ಅಳತೆ ತೆಗೆದ: ಕೆಳಗಿನ ಆರ್ಮ್‌ನ ಒಳತುದಿಯ ಬೋಲ್ಟ್ ನೆಲದಿಂದ ಎಷ್ಟು ಎತ್ತರ, ಅದೇ ಆರ್ಮ್‌ನ ಹೊರತುದಿಯ ಬಾಲ್ ಜಾಯಿಂಟ್ ಎಷ್ಟು ಎತ್ತರ, ಎರಡರ ನಡುವಿನ ಅಂತರ ಎಷ್ಟು. ಎಡಗಡೆಯ ಅಂತರ ಬಲಗಡೆಯದಕ್ಕಿಂತ 14 ಮಿಲಿಮೀಟರ್ ಹೆಚ್ಚು ಬಂತು. ಅಂದರೆ ಎಡಗಡೆಯ ಆರ್ಮ್ ಬಲಗಡೆಯದಕ್ಕಿಂತ ಅಷ್ಟು ಕೆಳಕ್ಕೆ ಬಾಗಿದೆ. ಬೋಲ್ಟ್‌ಗಳೂ ಅದನ್ನೇ ಹೇಳುತ್ತಿದ್ದವು. ಬಲಗಡೆ ಹೊರಗೆ ಕಾಣುವ ಮರೆಯೂ (ಬೋಲ್ಟಿನ ಸುರುಳಿ ಗೆರೆ) ಎಡಗಡೆ ಕಾಣುವ ಮರೆಯೂ ಸಮವಾಗಿರಲಿಲ್ಲ, ಎಡಗಡೆಯದು ಬಹುತೇಕ ಕೊನೆಯವರೆಗೆ ಒಳಕ್ಕೆ ಹೋಗಿತ್ತು. ಮಡ್‌ಗಾರ್ಡ್ ಸಮ, ಆರ್ಮ್ ಅಸಮ ಎಂದರೆ ವಕ್ರವಾಗಿರುವುದು ಸಸ್ಪೆನ್ಷನ್ ಅಲ್ಲ, ಅದರ ಮೇಲೆ ಕುಳಿತಿರುವ ಕ್ಯಾಬಿನ್.

ಟಾರ್ಚ್ ಬಿಟ್ಟು ನೋಡಿದಾಗ ಸಿಕ್ಕಿತು. ಎಡಗಡೆ ಮುಂದೆ ಕ್ಯಾಬಿನ್ನಿಗೂ ಚಾಸಿಗೂ ನಡುವೆ ಇರುವ ರಬ್ಬರ್ ಮೌಂಟ್ ಹಪ್ಪಳದಂತೆ ಒತ್ತಿಹೋಗಿತ್ತು. ಬೆರಳಿನಿಂದ ಕೆರೆದರೆ ಕಪ್ಪು ಪುಡಿ ಉದುರಿತು. ಕ್ಯಾಬಿನ್ ಎಡಕ್ಕೆ ಕುಸಿದಿದ್ದರಿಂದ ಮಡ್‌ಗಾರ್ಡ್ ತಗ್ಗಿ ಕಂಡಿದೆ, ಅದನ್ನು ಸರಿದೂಗಿಸಲು ಹಿಂದಿನ ಮೆಕ್ಯಾನಿಕ್ ಎಡಗಡೆಯ ಬೋಲ್ಟನ್ನು ಹೆಚ್ಚು ಬಿಗಿಸಿದ್ದಾನೆ. ಅವನ ಕೈಯಲ್ಲಿದ್ದ ಟೇಪಿನ ಲೆಕ್ಕ ತಪ್ಪಲ್ಲ, ಹಿಡಿದ ಜಾಗ ತಪ್ಪು.

ಗಾಡಿ ಒಂದು ಕಡೆ ವಾಲಿದ್ದರೆ ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಹಿಂದಿನ ಆಕ್ಸಲ್‌ನ ನಟ್ಟನಡುವೆ, ಡಿಫರೆನ್ಷಿಯಲ್ ಗುಂಡಿನ ಕೆಳಗೆ ಜಾಕ್ ಕೊಟ್ಟು ಹಿಂದಿನ ಎರಡೂ ಚಕ್ರ ನೆಲ ಬಿಡುವಷ್ಟು ಎತ್ತಿ. ಈಗ ಹಿಂಭಾಗ ಒಂದೇ ಬಿಂದುವಿನ ಮೇಲೆ ತೂಗುತ್ತಿದೆ. ಮುಂದಿನ ವಾಲು ಮಾಯವಾದರೆ ದೋಷ ಹಿಂದಿನ ಕಮಾನಿನಲ್ಲಿದೆ, ಮುಂದಿನ ಬೋಲ್ಟ್ ಮುಟ್ಟಲೇಬೇಡಿ. ವಾಲು ಹಾಗೆಯೇ ಉಳಿದರೆ ಮಾತ್ರ ಮುಂದೆ ಹುಡುಕಿ. ಹಿಂದೆ ಯಾವಾಗಲಾದರೂ ಕೆಲಸಕ್ಕೆಂದು ಟಾರ್ಷನ್ ಬಾರ್ ಬಿಚ್ಚಿದ್ದರೆ, ಗುರುತು ಮಾಡದೆ ಸರಳಿನ ತುದಿಯ ಹಲ್ಲುಗಳಲ್ಲಿ ಒಂದು ಹಲ್ಲು ಆಚೀಚೆ ಕೂರಿಸಿರುವ ಸಾಧ್ಯತೆಯೂ ಇದೆ. ಎಡದ ಬಾರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದನ್ನೂ ನೋಡಿದ್ದೇನೆ. ಒಂದು ದಿಕ್ಕಿನ ತಿರುಚಿಗೆ ಹದಗೊಂಡ ಸರಳು ಎದುರು ದಿಕ್ಕಿಗೆ ಬಹಳ ದಿನ ಬಾಳುವುದಿಲ್ಲ.

ಹಂಪ್ ಇಳಿಯುವಾಗ ಧಡ್ ಎನ್ನುವುದು

ಇದಕ್ಕೆ ಹತ್ತರಲ್ಲಿ ಎಂಟು ಜನ ಶಾಕ್ ಅಬ್ಸಾರ್ಬರ್ ಬದಲಿಸುತ್ತಾರೆ. ಹಣ ದಂಡ. ಮೊದಲು ಸದ್ದು ಯಾವಾಗ ಬರುತ್ತದೆ ಎಂದು ಕೇಳಿಸಿಕೊಳ್ಳಿ. ಚಕ್ರ ಹಂಪ್ ಹತ್ತುವಾಗ ಬಡಿದರೆ ಅದು ಮೇಲಿನ ಮಿತಿ. ಹತ್ತಿ ಇಳಿಯುವಾಗ, ಚಕ್ರ ಗುಂಡಿಗೆ ಬೀಳುವಾಗ ಬಡಿದರೆ ಕೆಳಗಿನ ಮಿತಿ.

ಚಕ್ರಕ್ಕೆ ಮೇಲೆ ಹೋಗಲು ಎಷ್ಟು ಜಾಗ ಬೇಕೋ ಕೆಳಗೆ ಜೋತುಬೀಳಲೂ ಜಾಗ ಬೇಕು. ಬೋಲ್ಟ್ ಬಿಗಿಸಿದರೆ ಸರಳು ಗಟ್ಟಿಯಾಗುವುದಿಲ್ಲ. ಅದೇ ಸರಳು, ಅದೇ ತೂಕ, ಆರ್ಮ್ ನಿಲ್ಲುವ ಜಾಗ ಮಾತ್ರ ಕೆಳಕ್ಕೆ ಸರಿಯುತ್ತದೆ. ಎತ್ತಿದಷ್ಟೂ ಜೋತುಬೀಳುವ ಜಾಗ ಕಡಿಮೆ. ಕೊನೆಗೆ ಆರ್ಮ್ ತನ್ನ ತಡೆ ರಬ್ಬರಿನ ಮೇಲೆಯೇ ಒರಗಿಕೊಳ್ಳುತ್ತದೆ. ಆಗ ಪ್ರತಿ ಗುಂಡಿಯಲ್ಲೂ ಕಬ್ಬಿಣಕ್ಕೆ ಕಬ್ಬಿಣ ಬಡಿದಂತೆ. "ಗಾಡಿ ಗಟ್ಟಿಯಾಯಿತು" ಎನ್ನುವವರಿಗೆ ಆಗಿರುವುದು ಇದು.

ಗಾಡಿ ನೆಲದ ಮೇಲೆ ನಿಂತಿರುವಾಗ ಆರ್ಮ್‌ಗೂ ಆ ತಡೆ ರಬ್ಬರಿಗೂ ನಡುವೆ ಎಷ್ಟು ಸಂದಿ ಇದೆ ಎಂದು ನೋಡಿ. ಈ ಗಾಡಿಯಲ್ಲಿ ಬಲಗಡೆ 11 ಮಿಲಿಮೀಟರ್. ಎಡಗಡೆ ನಾಲ್ಕು, ಅಂದರೆ ನನ್ನ ಕಿರುಬೆರಳೂ ಹೋಗಲಿಲ್ಲ. ಚಕ್ರದ ಒಟ್ಟು ಏರಿಳಿತದಲ್ಲಿ ಮೂರನೇ ಒಂದು ಭಾಗವಾದರೂ ಕೆಳಮುಖಕ್ಕೆ ಉಳಿಯಬೇಕು ಎಂಬುದು ನಾನು ಪಾಲಿಸುವ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ಇಳಿಸಿ, ಬೇರೆ ಮದ್ದಿಲ್ಲ. ಹಾಗೆಯೇ ಮೂತಿ ಎತ್ತಿ ಚಕ್ರ ಪೂರಾ ಜೋತುಬಿಟ್ಟು, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಬ್ರೇಕ್ ಹೋಸ್ ನೋಡಿ. ಬಿಗಿದ ತಂತಿಯಂತೆ ನಿಂತಿದ್ದರೆ ಆ ಎತ್ತರ ನಿಮ್ಮ ಗಾಡಿಗೆ ಸಲ್ಲದು.

ಕಾಯಿಲ್ ಸ್ಪ್ರಿಂಗ್ ಗಾಡಿಗಳಲ್ಲಿ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕುವ ರೂಢಿ ಇದೆ. ಅದು ಒಂದೆರಡು ಸುರುಳಿಯ ಕೆಲಸವನ್ನು ನಿಲ್ಲಿಸಿ ಉಳಿದವಕ್ಕೆ ಹೊರೆ ಹೊರಿಸುತ್ತದೆ. ತಗ್ಗಿದ ಸ್ಪ್ರಿಂಗಿಗೆ ಹೊಸ ಸ್ಪ್ರಿಂಗೇ ಉತ್ತರ, ಜೋಡಿಯಾಗಿಯೇ ಹಾಕಿ. ಗ್ಯಾಸ್ ಹಿಡಿದು ಕಾಯಿಸಿ ಎಳೆಯುವುದಂತೂ ಬೇಡ, ಉಕ್ಕಿನ ಹದವೇ ಹೋಗುತ್ತದೆ.

ಕಮಾನು ಪಟ್ಟಿಯ ಗಾಡಿಗಳಿಗೆ ಎರಡು ಮಾತು. ಮುಂದಿನ ಆಕ್ಸಲ್‌ಗೂ ಕಮಾನಿಗೂ ನಡುವೆ ಕಬ್ಬಿಣದ ದಿಮ್ಮಿ ಇಡಬೇಡಿ. ಬ್ರೇಕ್ ಒತ್ತಿದಾಗ ಆಕ್ಸಲ್ ತಿರುಚಿಕೊಳ್ಳುತ್ತದೆ, ದಿಮ್ಮಿ ಆ ತಿರುಚನ್ನು ಹೆಚ್ಚಿಸುತ್ತದೆ. ಹಾಗೆಯೇ ಕಮಾನಿನ ಮುಂದಿನ ತುದಿಯಲ್ಲಿ ಶ್ಯಾಕಲ್ (ಕಮಾನನ್ನು ಚಾಸಿಗೆ ತೂಗುಹಾಕುವ ಕೊಂಡಿ) ಇರುವ ಗಾಡಿಗೆ ಉದ್ದದ ಶ್ಯಾಕಲ್ ಹಾಕಿದರೆ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಕ್ಷದ ಹಿಂದಿನ ಓರೆ, ಕಡಿಮೆಯಾಗಿ, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದನ್ನು ಮರೆಯುತ್ತದೆ.

ಎಳೆತ, ಅಲೆತ, ಟೈರ್ ಸವೆತ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿ 48ರಲ್ಲಿ ಸುಮಾರು 60 ಕಿಲೋಮೀಟರ್. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢದ ಅಡ್ಡಗಾಳಿಗೆ ಒಳ್ಳೆಯ ಗಾಡಿಯೂ ಸ್ವಲ್ಪ ತೂಗುತ್ತದೆ. ನಮ್ಮ ರಸ್ತೆಗಳು ಅಂಚಿನ ಕಡೆಗೆ ಇಳಿಜಾರಾಗಿರುವುದರಿಂದ ಎಡಕ್ಕೆ ತುಸು ಎಳೆಯುವುದೂ ಸಹಜ. ಹಾಗಾಗಿ ಗಾಳಿ ಇಲ್ಲದ ಬೆಳಗಿನ ಹೊತ್ತಿನಲ್ಲಿ, ಸಮತಟ್ಟಾದ ಖಾಲಿ ಜಾಗದಲ್ಲಿ ಓಡಿಸಿ ತೀರ್ಮಾನಿಸಿ. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಅದು ಬ್ರೇಕಿನ ದೂರು, ಇಲ್ಲಿಗೆ ಸೇರಿದ್ದಲ್ಲ. ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿ ನೋಡಿ, ಎಳೆತದ ದಿಕ್ಕೂ ಬದಲಾದರೆ ತಪ್ಪು ಟೈರಿನದು.

ಬದಲಾಗದಿದ್ದರೆ ಕ್ಯಾಂಬರ್. ಚಕ್ರ ನಿಂತಿರುವ ವಾಲು ಅದು. ಮೇಸ್ತ್ರಿಯ ತೂಗುಗುಂಡು ಇದ್ದರೆ ಸಾಕು. ದಾರವನ್ನು ರಿಮ್ಮಿನ ಮುಂದೆ ಇಳಿಬಿಟ್ಟು, ಮೇಲಿನ ಅಂಚಿಗೂ ದಾರಕ್ಕೂ ಎಷ್ಟು, ಕೆಳಗಿನ ಅಂಚಿಗೂ ದಾರಕ್ಕೂ ಎಷ್ಟು ಎಂದು ಅಳೆಯಿರಿ. ಅಂಚಿನಿಂದ ಅಂಚಿಗೆ 400 ಮಿಲಿಮೀಟರ್ ಇರುವ ರಿಮ್ಮಿನಲ್ಲಿ 7 ಮಿಲಿಮೀಟರ್ ವ್ಯತ್ಯಾಸವೆಂದರೆ ಒಂದು ಡಿಗ್ರಿ. ಎತ್ತಿದಾಗ ಚಕ್ರ ಒಳಕ್ಕೆ ವಾಲುತ್ತದೋ ಹೊರಕ್ಕೋ ಎಂಬುದು ಆರ್ಮ್‌ಗಳ ಉದ್ದ ಮತ್ತು ಓರೆಯ ಮೇಲೆ ಹೋಗುತ್ತದೆ. ಈ ಗಾಡಿಯಲ್ಲಿ ಎಡಚಕ್ರದ ತಲೆ ಹೊರಕ್ಕೆ ವಾಲಿತ್ತು, 13 ಮಿಲಿಮೀಟರ್. ಬಲದ್ದು ಐದು. ತಲೆ ಹೆಚ್ಚು ಹೊರಗೆ ವಾಲಿದ ಕಡೆಗೆ ಗಾಡಿ ಎಳೆಯುತ್ತದೆ, ಆ ಟೈರಿನ ಹೊರ ಅಂಚು ಸವೆಯುತ್ತದೆ. ಎರಡು ದೂರು, ಒಂದೇ ಕಾರಣ.

ಅಲೆತಕ್ಕೆ ಟೋ ನೋಡಬೇಕು, ಅಂದರೆ ಮುಂದಿನ ಚಕ್ರಗಳ ಮುಖ ಒಳಕ್ಕಿದೆಯೋ ಹೊರಕ್ಕಿದೆಯೋ ಎಂಬುದನ್ನು. ಟೈರಿನ ಮೇಲೆ ಅಂಗೈ ಅಡ್ಡಲಾಗಿ ಸವರಿ. ಹೊರಗಿನಿಂದ ಒಳಗೆ ಹೋಗುವಾಗ ನುಣುಪಾಗಿ, ಒಳಗಿನಿಂದ ಹೊರಗೆ ಬರುವಾಗ ಗರಗಸದಂತೆ ತಡೆದರೆ ಟೋ ಒಳಕ್ಕೆ ಹೆಚ್ಚಾಗಿದೆ. ತಿರುಗುಮುರುಗಾದರೆ ಟೋ ಹೊರಕ್ಕೆ ಹೋಗಿದೆ. ಆರ್ಮ್ ಕೆಳಕ್ಕೆ ಬಾಗಿದಾಗ ಟೈ ರಾಡ್ ಕೂಡ ಓರೆಯಾಗಿ ಅದರ ಅಡ್ಡಳತೆ ಬದಲಾಗುತ್ತದೆ, ಹಾಗಾಗಿ ಎತ್ತರ ಮುಟ್ಟಿದ ಮೇಲೆ ಟೋ ಮುಟ್ಟದೆ ಗಾಡಿ ಹೊರಗೆ ಬಿಡುವಂತಿಲ್ಲ. ಖಚಿತ ಅಳತೆಗೆ ಚಕ್ರ ಎತ್ತಿ ತಿರುಗಿಸುತ್ತಾ ಟೈರಿನ ನಡುವೆ ಸುಣ್ಣ ಬಳಿದು ಮೊಳೆಯಿಂದ ಗೆರೆ ಎಳೆದು, ಗಾಡಿ ಇಳಿಸಿ ತಳ್ಳಿ, ಎರಡೂ ಗೆರೆಗಳ ನಡುವಿನ ದೂರವನ್ನು ಚಕ್ರದ ಮುಂದೊಮ್ಮೆ, ಹಿಂದೊಮ್ಮೆ ಅಳೆಯಬೇಕು. ಮುಂದಿನ ದೂರ 8 ಮಿಲಿಮೀಟರ್ ಹೆಚ್ಚು ಬಂತು. ಕಾಲು ಅಗಲಿಸಿ ನಡೆಯುವ ಎತ್ತಿನಂತೆ ಎರಡೂ ಚಕ್ರ ಹೊರಕ್ಕೆ ಹೊರಟಿವೆ. ಅಲೆಯದೆ ಇನ್ನೇನು ಮಾಡೀತು?

ಅಲೈನ್‌ಮೆಂಟಿಗೆ ಕಳಿಸುವ ಮೊದಲು ಆಟ, ಅಂದರೆ ಜಾಯಿಂಟುಗಳ ಸಡಿಲ, ನೋಡುವುದು ಕಡ್ಡಾಯ. ಸಡಿಲ ಜಾಯಿಂಟಿನ ಗಾಡಿಗೆ ಮಾಡಿಸಿದ ಅಲೈನ್‌ಮೆಂಟ್ ಗೇಟು ದಾಟುವವರೆಗೆ. ಟಾರ್ಷನ್ ಬಾರ್ ಕೆಳಗಿನ ಆರ್ಮ್‌ಗೆ ಸೇರಿದ್ದರೆ ಜಾಕನ್ನು ಅದೇ ಆರ್ಮ್‌ನ ಹೊರತುದಿಯ ಹತ್ತಿರ ಕೊಡಿ, ಆಗ ಬಾಲ್ ಜಾಯಿಂಟಿನ ಮೇಲಿನ ಬಿಗಿ ಇಳಿಯುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಸಿಕ್ಕರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ಚಕ್ರದ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಎಡಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟವಿದ್ದರೆ ಟೈ ರಾಡ್ ಕಡೆ ನೋಡಿ. ನಮಗೆ ಇಲ್ಲಿ ಸಿಕ್ಕಿದ್ದು ಬೇರೆ: ಕೆಳಗಿನ ಆರ್ಮ್‌ನ ಒಳತುದಿಯ ಬುಶ್‌ಗಳ (ಬೋಲ್ಟ್ ಸುತ್ತ ಕೂರುವ ಬಳೆಗಳು) ರಬ್ಬರ್ ಸುತ್ತಲೂ ಹರಿದಿತ್ತು. ಎತ್ತರ ಬದಲಿಸುವಾಗ ಆ ಬೋಲ್ಟ್‌ಗಳನ್ನು ಸಡಿಲಿಸಿ, ಗಾಡಿಯ ತೂಕ ಚಕ್ರದ ಮೇಲೆ ಬಂದ ನಂತರ ಮತ್ತೆ ಬಿಗಿಸಬೇಕು. ಇಲ್ಲದಿದ್ದರೆ ರಬ್ಬರ್ ನಿಂತಲ್ಲೇ ತಿರುಚಿಕೊಂಡು ಉಳಿಯುತ್ತದೆ, ಹಂಪುಗಳು ಉಳಿದ ಕೆಲಸ ಮುಗಿಸುತ್ತವೆ.

ಲೈಟು ಮತ್ತು ಹೊರೆ

ಲೈಟಿನ ದೂರು ಸಣ್ಣದೆಂದು ತಳ್ಳಿಹಾಕುವವರಿಗೆ ಒಂದು ಲೆಕ್ಕ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.7 ಮೀಟರ್ ಇರುವ ಗಾಡಿಯ ಮೂತಿಯನ್ನು 50 ಮಿಲಿಮೀಟರ್ ಎತ್ತಿದರೆ ಇಡೀ ಗಾಡಿ ಒಂದು ಡಿಗ್ರಿಗಿಂತ ತುಸು ಹೆಚ್ಚು ಹಿಂದಕ್ಕೆ ವಾಲುತ್ತದೆ. ಲೈಟಿನ ಕಿರಣ 10 ಮೀಟರ್ ದೂರದಲ್ಲಿ ಸುಮಾರು 18 ಸೆಂಟಿಮೀಟರ್ ಮೇಲೇರುತ್ತದೆ. ಡಿಪ್ ಲೈಟು ಅಷ್ಟು ದೂರದಲ್ಲಿ 10 ಸೆಂಟಿಮೀಟರ್ ಇಳಿದಿರುವಂತೆ ಹೊಂದಿಸಿದ್ದರೆ, ಈಗ ಅದು ಡಿಪ್ ಆಗಿ ಉಳಿದಿಲ್ಲ, ಎದುರಿನವನ ಕಣ್ಣಿಗೇ ಹೋಗುತ್ತದೆ.

ಇದು ಖಾಲಿ ಗಾಡಿಯ ಮಾತು. ಪಿಕಪ್ಪಿನ ಹಿಂಭಾಗವನ್ನು ತಯಾರಿಸುವಾಗಲೇ ಎತ್ತರ ಬಿಟ್ಟಿರುತ್ತಾರೆ, ಹೊರೆ ಬಿದ್ದಾಗ ಸಮವಾಗಲಿ ಎಂದು. ಖಾಲಿ ಇರುವಾಗಲೇ ಮುಂದೆ ಎತ್ತಿ ಸಮ ಮಾಡಿದರೆ, ಹೊರೆ ಬಿದ್ದ ಮೇಲೆ ಮೂತಿ ಆಕಾಶ ನೋಡುತ್ತದೆ. ಇಲ್ಲಿ ಮೆಕ್ಕೆಜೋಳದ ಹಂಗಾಮಿನಲ್ಲಿ ಬಾಗಿಲು ಬಿಚ್ಚಿ ಹಿಂದಕ್ಕೆ ಚಾಚಿ ಚೀಲ ಹೇರುವುದನ್ನು ದಿನವೂ ನೋಡುತ್ತೇನೆ. ಐವತ್ತು ಕಿಲೋದ ಇಪ್ಪತ್ತು ಚೀಲ, ಅಂದರೆ ಒಂದು ಟನ್. ಅದರ ಭಾರದ ನಡುಬಿಂದು ಹಿಂದಿನ ಆಕ್ಸಲ್‌ಗಿಂತ 20 ಸೆಂಟಿಮೀಟರ್ ಹಿಂದೆ ಬಿದ್ದರೆ ಮುಂದಿನ ಚಕ್ರಗಳ ಮೇಲಿನ ತೂಕ ಸುಮಾರು 74 ಕಿಲೋ ಕಡಿಮೆಯಾಗುತ್ತದೆ. ಅದೇ ಹೊರೆಯನ್ನು ಆಕ್ಸಲ್‌ಗಿಂತ 20 ಸೆಂಟಿಮೀಟರ್ ಮುಂದೆ ಕೂರಿಸಿದರೆ ಅಷ್ಟೇ ತೂಕ ಮುಂದಕ್ಕೆ ಸೇರುತ್ತದೆ. "ಲೋಡ್ ಹಾಕಿದಾಗ ಸ್ಟೀರಿಂಗ್ ಹಗುರ" ಎಂದು ಹೊಳಲ್ಕೆರೆಯವರು ಸಂತೋಷದಿಂದಲೇ ಹೇಳಿದ್ದರು. ಅದು ಸಂತೋಷಪಡುವ ವಿಷಯವಾಗಿರಲಿಲ್ಲ.

ಎತ್ತರ ಎಲ್ಲಿ ಹೋಗಿತ್ತು

ಇಷ್ಟಾದರೂ ಮೂಲ ಪ್ರಶ್ನೆ ಉಳಿದಿತ್ತು. ತೋಟದ ದಾರಿಯಲ್ಲಿ ಉಜ್ಜುತ್ತಿದ್ದದ್ದು ಏನು? ಬಂಪರಿನ ಕೆಳಗೆ ಗೀರು ಹುಡುಕಿದೆವು. ಬಂಪರಿನಲ್ಲಿ ಒಂದೂ ಇಲ್ಲ. ಗೀರುಗಳೆಲ್ಲ ಇದ್ದದ್ದು ಅದರ ಮುಂದೆ ಕೂರಿಸಿದ್ದ ಕಬ್ಬಿಣದ ಪೈಪಿನ ಗಾರ್ಡಿನ ಕೆಳ ಅಡ್ಡಪೈಪಿನಲ್ಲಿ. ಅದು ಬಂಪರಿಗಿಂತ ನಾಲ್ಕು ಬೆರಳು ಕೆಳಗೆ ಜೋತಿತ್ತು. ಬಿಚ್ಚಿ ಕಾಟಾದ ಮೇಲೆ ಇಟ್ಟೆವು: 38 ಕಿಲೋ. ಮುಂದಿನ ಚಕ್ರಕ್ಕಿಂತಲೂ ಮುಂದೆ ನೇತಾಡುವ ಭಾರ, ಹಾಗಾಗಿ ಸ್ಪ್ರಿಂಗಿಗೆ ಅದಕ್ಕಿಂತ ಹೆಚ್ಚೇ ಬೀಳುತ್ತದೆ. ಇಂಥ ಗಾರ್ಡುಗಳಿಗೆ ಕಾನೂನಿನ ಒಪ್ಪಿಗೆಯೂ ಇಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ತಯಾರಕರ ವಿವರಗಳಿಗೆ ವಿರುದ್ಧವಾದ ಮಾರ್ಪಾಡುಗಳನ್ನು ತಡೆಯುತ್ತದೆ, ಎಫ್‌ಸಿ (ಗಾಡಿಯ ಯೋಗ್ಯತಾ ಪ್ರಮಾಣಪತ್ರ) ಮಾಡಿಸುವ ದಿನ ಅದು ನೆನಪಾಗುತ್ತದೆ. ತಗ್ಗಿದ ಗಾಡಿಯನ್ನು ಅದರ ಮೂಲ ಎತ್ತರಕ್ಕೆ ತರುವುದು ಮಾರ್ಪಾಡಲ್ಲ, ರಿಪೇರಿ.

ಬೋಲ್ಟ್ ತಿರುಗಿಸುವ ಮೊದಲು ಎಚ್ಚರಿಕೆ. ತಿರುಚಿದ ಸರಳಿನಲ್ಲಿ ಕೂಡಿಟ್ಟ ಬಲ ಮೂಳೆ ಮುರಿಯುವಷ್ಟಿರುತ್ತದೆ. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಚಕ್ರಗಳನ್ನು ಜೋತುಬಿಟ್ಟ ಮೇಲೆಯೇ ಬೋಲ್ಟ್ ಮುಟ್ಟಿ, ಹಾಗೆ ಬಿಟ್ಟಾಗಲೂ ಸರಳು ಪೂರ್ತಿ ಸಡಿಲವಾಗಿರುವುದಿಲ್ಲ. ಮರೆಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲಿ. ಎಷ್ಟು ಸುತ್ತು ತಿರುಗಿಸಿದಿರಿ ಎಂದು ಸೀಮೆಸುಣ್ಣದಲ್ಲಿ ಚಾಸಿಯ ಮೇಲೆಯೇ ಬರೆಯಿರಿ. ಜಾಕಿನ ಬದಲು ಸೈಜುಗಲ್ಲು ಇಟ್ಟು ಕೆಳಗೆ ನುಗ್ಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಲ್ಲು ಮೊದಲೇ ಹೇಳಿ ಬಿರಿಯುವುದಿಲ್ಲ.

ಗಾರ್ಡ್ ಇಳಿಸಿ, ಕ್ಯಾಬಿನ್ನಿನ ಮುಂದಿನ ಎರಡೂ ರಬ್ಬರ್ ಮೌಂಟ್ ಹೊಸದು ಹಾಕಿದೆವು. ಆರ್ಮ್ ಬುಶ್ ಬದಲಿಸಿದೆವು. ಎರಡೂ ಬೋಲ್ಟ್ ಸಡಿಲಿಸಿ, ಮಡ್‌ಗಾರ್ಡ್ ಕಡೆ ನೋಡದೆ ಆರ್ಮ್ ಅಳತೆಯ ಮೇಲೆ ಎಡಬಲ 3 ಮಿಲಿಮೀಟರ್ ಒಳಗೆ ತಂದೆವು. ಗಾಡಿಯ ಕೈಪಿಡಿಯಲ್ಲಿ ಕೊಟ್ಟ ಎತ್ತರಕ್ಕೇ ನಿಲ್ಲಿಸಿದೆವು. ಬುಶ್ ಬೋಲ್ಟ್‌ಗಳನ್ನು ಗಾಡಿ ನೆಲದ ಮೇಲಿರುವಾಗ ಬಿಗಿಸಿ, ಅಲೈನ್‌ಮೆಂಟ್ ಮಾಡಿಸಿ, ಗೋಡೆಗೆ ಬೆಳಕು ಬಿಟ್ಟು ಲೈಟ್ ಹೊಂದಿಸಿದೆವು. ಎತ್ತಿಸಿದ ಎರಡು ಇಂಚಿನಲ್ಲಿ ಒಂದೂವರೆ ಇಂಚು ಇಳಿದುಹೋಯಿತು. ಅವರ ಮುಖ ಸಣ್ಣದಾಯಿತು. "ಮತ್ತೆ ಉಜ್ಜಿದರೆ?" ಎಂದರು. ತೋಟಕ್ಕೆ ಹೋಗಿ ಬನ್ನಿ ಎಂದೆ.

ಹೊಸ ಬುಶ್, ಹೊಸ ಎತ್ತರ ಎರಡೂ ಸ್ವಲ್ಪ ಕುಳಿತುಕೊಳ್ಳುತ್ತವೆ. ಐನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಅಳೆಯಬೇಕು. ಮೂರು ವಾರ ಬಿಟ್ಟು ಬಂದರು. ಎಡಗಡೆ 2 ಮಿಲಿಮೀಟರ್ ಇಳಿದಿತ್ತು, ಬೋಲ್ಟ್ ಕಾಲು ಸುತ್ತು ತಿರುಗಿಸಿ ಲಾಕ್ ನಟ್ ಬಿಗಿಸಿದೆ. ಟೋ ಇಟ್ಟಲ್ಲೇ ಇತ್ತು. ಬಂಪರಿನ ಕೆಳಗೆ ಕೈ ಹಾಕಿ ನೋಡಿದೆ, ಒಣಗಿದ ಕೆಂಪು ಮಣ್ಣಿತ್ತು, ಗೀರು ಇರಲಿಲ್ಲ. ಗಾರ್ಡನ್ನು ಗುಜರಿಗೆ ಹಾಕಲೇ ಎಂದು ಕೇಳಿದ್ದಕ್ಕೆ ಬೇಡ ಎಂದು ಹಿಂದಿನ ಬಾಡಿಯಲ್ಲಿ ಹಾಕಿಸಿಕೊಂಡು ಹೋದರು, ಆಕ್ಸಲ್‌ಗಿಂತ ಮುಂದೆಯೇ.